ಕದನಾನಂತರದ ಶಾಂತಿ ಮತ್ತು ಸ್ತ್ರೀನ್ಯಾಯ: ಲೈಬೀರಿಯಾ ದೇಶದ ನಿದರ್ಶನ

ನಮ್ಮ ಇತಿಹಾಸದ ಪಠ್ಯಪುಸ್ತಕಗಳಲ್ಲಿ ಪ್ರತಿಯೊಂದು ಯುದ್ಧಕ್ಕೂ ಎರಡು ದಿನಾಂಕಗಳಿರುತ್ತವೆ. ಒಂದು, ಅದು ಆರಂಭವಾದ ದಿನ. ಇನ್ನೊಂದು, ಕೌಲಿಗೆ ಸಹಿ ಬಿದ್ದ ದಿನ. ವಿದ್ಯಾರ್ಥಿಗಳು ಎರಡನ್ನೂ ಕಂಠಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸುತ್ತಾರೆ. ಸಹಿ ಬಿದ್ದ ಮರುದಿನ ಆ ನಾಡಿನಲ್ಲಿ ಏನಾಯಿತೆಂಬುದನ್ನು ಪುಸ್ತಕ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಬಂದೂಕು ಹಿಡಿದು ಹೋಗಿದ್ದವನು ಊರಿಗೆ ಮರಳಿದಾಗ ಅವನನ್ನು ಬರಮಾಡಿಕೊಂಡವರಾರು? ಅವನಿಂದಲೇ ನೊಂದ ಹೆಣ್ಣುಮಗಳು ಅದೇ ಊರಿನಲ್ಲಿ, ಅದೇ ನೀರಿನ ತಾಣದಲ್ಲಿ, ಅವನನ್ನು ದಿನವೂ ಎದುರುಗೊಳ್ಳಬೇಕಾದಾಗ ಅವಳ ಪಾಲಿಗೆ ಶಾಂತಿಯೆಂದರೆ ಏನು? ಕಳೆದ ಕೆಲವು ವರ್ಷಗಳಿಂದ ಈ ಪ್ರಶ್ನೆಗಳು ನನ್ನನ್ನು ಕಾಡುತ್ತಿವೆ. ಅವುಗಳ ಉತ್ತರವನ್ನು ಅರಸುವುದಕ್ಕಾಗಿ ಪಶ್ಚಿಮ ಆಫ್ರಿಕದ ಲೈಬೀರಿಯಾ ಎಂಬ ಪುಟ್ಟ ದೇಶವನ್ನು ಪ್ರಕೃತ ಲೇಖನದಲ್ಲಿ ಆರಿಸಿಕೊಂಡಿದ್ದೇನೆ.

ಅಷ್ಟು ದೂರದ ದೇಶವೇಕೆಂದು ವಾಚಕರು ಕೇಳಬಹುದು. ಅಲ್ಲಿ ಅಧಿಕಾರವಿಲ್ಲದ, ಆಯುಧವಿಲ್ಲದ ಸಾಮಾನ್ಯ ಸ್ತ್ರೀಯರು ಯುದ್ಧವನ್ನು ನಿಲ್ಲಿಸುವುದರಲ್ಲಿ ದೊಡ್ಡ ಪಾತ್ರ ವಹಿಸಿದರು. ಅನಂತರದ ಎರಡು ದಶಕಗಳಲ್ಲಿ ಅವರಿಗೆ ದೊರೆತದ್ದೆಷ್ಟು, ದೊರೆಯದೆ ಉಳಿದದ್ದೆಷ್ಟು ಎಂಬ ಲೆಕ್ಕವೂ ನಮ್ಮ ಕಣ್ಣೆದುರಿಗಿದೆ. ಮೇಲಾಗಿ, ನಮ್ಮ ದೇಶದ ಹೆಣ್ಣುಮಕ್ಕಳು ಒಂಬತ್ತು ವರ್ಷಗಳ ಕಾಲ ಆ ನೆಲದಲ್ಲಿ ಕಾವಲು ನಿಂತಿದ್ದರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದ ಸಂಗತಿ.

ಮೊದಲು ಒಂದು ಪದದ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಉಚಿತ. 'ನಾಗರಿಕ ಸಮಾಜ' ಎಂಬ ಮಾತು ಇಂದು ಸಭೆ ಸಮಾರಂಭಗಳಲ್ಲಿ ಧಾರಾಳವಾಗಿ ಕೇಳಿಬರುತ್ತದೆ. ಸರ್ಕಾರದ ಆಜ್ಞೆಯಿಂದಲ್ಲ, ಲಾಭದ ಆಸೆಯಿಂದಲೂ ಅಲ್ಲ, ತಮ್ಮ ಸ್ವಂತ ಇಚ್ಛೆಯಿಂದ ಜನರು ಒಂದೆಡೆ ಕೂಡಿ ಕಟ್ಟಿಕೊಂಡ ಸಂಘ, ಮಂಡಳಿ, ಸಭೆಗಳ ಒಟ್ಟು ಬಾಳುವೆಗೆ ಈ ಹೆಸರು. ಸಂತೆಯ ವ್ಯಾಪಾರಿಗಳ ಸಂಘ, ವಕೀಲರ ಮಂಡಳಿ, ಪ್ರಾರ್ಥನಾಮಂದಿರದ ಮಹಿಳಾ ಕೂಟ, ಹಳೆಯ ವಿದ್ಯಾರ್ಥಿಗಳ ಸಂಘ ಇವೆಲ್ಲವೂ ಅದರ ಅಂಗಗಳೇ. ಇವುಗಳಲ್ಲಿ ಹೆಚ್ಚಿನವು ಶಾಂತಿಗೆಂದು ಹುಟ್ಟಿದವಲ್ಲ. ಲೈಬೀರಿಯಾದಲ್ಲಿಯೂ ಹಾಗೆಯೇ ಇತ್ತು.

ಅಮೆರಿಕದಿಂದ ಮರಳಿ ಬಂದ ವಿಮುಕ್ತ ಗುಲಾಮರೂ ಅವರ ಸಂತತಿಯವರೂ ನೆಲೆಸಿ, 1847ರ ಜುಲೈ 26ರಂದು ಸ್ವತಂತ್ರ ಗಣರಾಜ್ಯವೆಂದು ಘೋಷಿಸಿಕೊಂಡ ದೇಶವದು. ನೂರಮೂವತ್ತು ವರ್ಷಗಳಿಗೂ ಮಿಗಿಲಾಗಿ ಈ ವಲಸಿಗ ವರ್ಗವೇ ಅಧಿಕಾರದಲ್ಲಿದ್ದು, ಮೂಲನಿವಾಸಿ ಬುಡಕಟ್ಟುಗಳು ಬದಿಗೆ ಸರಿಸಲ್ಪಟ್ಟಿದ್ದವು. ಗುಲಾಮಗಿರಿಯಿಂದ ಪಾರಾದವರೇ ಇತರರ ಮೇಲೆ ಒಡೆತನ ನಡೆಸಿದ್ದು ಇತಿಹಾಸದ ಒಂದು ಕ್ರೂರ ವಿಡಂಬನೆ. 1980ರಲ್ಲಿ ಸ್ಯಾಮ್ಯುಯೆಲ್ ಡೋ ಎಂಬ ಸೈನಿಕನು ಕ್ಷಿಪ್ರಕ್ರಾಂತಿಯಿಂದ ಅಧಿಕಾರ ಹಿಡಿದನು. 1989ರ ಡಿಸೆಂಬರ್ ಕೊನೆಯಲ್ಲಿ ಚಾರ್ಲ್ಸ್ ಟೇಲರನ ಬಂಡುಕೋರ ಪಡೆ ಗಡಿ ದಾಟಿ ಒಳನುಗ್ಗಿತು. ಅಂದಿನಿಂದ 2003ರವರೆಗೆ, ನಡುವೆ ಕೆಲವು ಕಾಲ ಬಿಡುವಿದ್ದರೂ, ನಡೆದದ್ದು ಅಂತರ್ಯುದ್ಧವೇ. ಮೂವತ್ತು ಲಕ್ಷದಷ್ಟು ಜನಸಂಖ್ಯೆಯ ಆ ನಾಡಿನಲ್ಲಿ ಸುಮಾರು 2,50,000 ಜನ ಪ್ರಾಣ ತೆತ್ತರೆಂದು ಸಾಮಾನ್ಯವಾಗಿ ಅಂದಾಜು ಮಾಡಲಾಗಿದೆ. ಎಳೆಯ ಬಾಲಕರ ಕೈಗೆ ಬಂದೂಕು ಕೊಡಲಾಯಿತು. ಸ್ತ್ರೀಯರ ಮೇಲಿನ ಅತ್ಯಾಚಾರವು ಎಲ್ಲ ಪಕ್ಷಗಳ ಕೈಯಲ್ಲೂ ಯುದ್ಧದ ಒಂದು ಆಯುಧವಾಯಿತು.

ರಾಜಧಾನಿ ಮನ್ರೋವಿಯಾದಲ್ಲಿ ಸೇಂಟ್ ಪೀಟರ್ ಲೂಥರನ್ ಚರ್ಚ್ ಇದೆ. 1990ರ ಜುಲೈ 29ರ ರಾತ್ರಿ ಅಲ್ಲಿ ಆಶ್ರಯ ಪಡೆದಿದ್ದ ಸುಮಾರು 600 ನಿರಾಶ್ರಿತರನ್ನು ಸರ್ಕಾರಿ ಸೈನಿಕರು ಕೊಂದರು. ಹನ್ನೆರಡು ವರ್ಷಗಳ ತರುವಾಯ ಅದೇ ಚರ್ಚಿನಲ್ಲಿ ಕ್ರೈಸ್ತ ಮಹಿಳೆಯರು ಶಾಂತಿಗಾಗಿ ಸಭೆ ಸೇರತೊಡಗಿದರು. ಅವರ ಮುಂದಾಳು ಲೇಮಾ ಗ್ಬೊವೀ. ಬಾಲಸೈನಿಕರಾಗಿದ್ದ ಹುಡುಗರ ಮನೋವ್ಯಥೆಯನ್ನು ಶಮನಗೊಳಿಸುವ ಕೆಲಸದಲ್ಲಿ ತೊಡಗಿದ್ದ ಸಮಾಜಸೇವಕಿ, ಮಕ್ಕಳೊಂದಿಗ ತಾಯಿ. ಅಂತಹ ಒಂದು ಸಭೆಯಲ್ಲಿ ಆಸಾಟು ಬಾ ಕೆನೆತ್ ಎಂಬ ಪೊಲೀಸ್ ಅಧಿಕಾರಿ ಎದ್ದುನಿಂತು, ಆ ಚರ್ಚಿನೊಳಗೆ ಕುಳಿತಿರುವ ಮುಸ್ಲಿಂ ಮಹಿಳೆ ತಾನೊಬ್ಬಳೇ ಎಂದು ಹೇಳಿ, ತನ್ನ ಸಮುದಾಯದ ಸ್ತ್ರೀಯರನ್ನೂ ಕರೆತರುವುದಾಗಿ ಮಾತು ಕೊಟ್ಟರು. ಕೊಟ್ಟ ಮಾತಿನಂತೆ ನಡೆದರು. ಪಶ್ಚಿಮ ಆಫ್ರಿಕದ ಶಾಂತಿ ಸಂಸ್ಥೆಯೊಂದರ ಅಂಗವಾಗಿ 2001ರಲ್ಲಿ ರೂಪುಗೊಂಡಿದ್ದ 'ವಿಪ್‌ನೆಟ್' ಎಂಬ ಮಹಿಳಾ ಜಾಲ ಇವರಿಗೆ ಆಸರೆಯಾಯಿತು.

2003ರ ಏಪ್ರಿಲಿನಲ್ಲಿ ಸಾವಿರಾರು ಸ್ತ್ರೀಯರು ಬಿಳಿಯ ಉಡುಪು ಧರಿಸಿ, ಒಡವೆಗಳನ್ನು ತೆಗೆದಿಟ್ಟು, ಅಧ್ಯಕ್ಷನ ವಾಹನಗಳು ಹಾದುಹೋಗುವ ಹೆದ್ದಾರಿಯ ಪಕ್ಕದ ಮೀನು ಮಾರುಕಟ್ಟೆಯ ಬಯಲಿನಲ್ಲಿ ಕುಳಿತರು. ಬಿಸಿಲೆನ್ನದೆ ಮಳೆಯೆನ್ನದೆ ಪ್ರತಿದಿನ ಬಂದು ಕುಳಿತರು. ಅವರಲ್ಲಿ ಮೀನು, ಗೆಣಸು, ಮೆಣಸಿನಕಾಯಿ ಮಾರುವವರು ಬಹಳ ಮಂದಿ ಇದ್ದರು. ಇಂಥವರ ಬಗ್ಗೆ ಒಂದು ಮಾತು ಹೇಳಬೇಕು. ಯುದ್ಧಕಾಲದಲ್ಲಿ ಪಕ್ಷಪಕ್ಷಗಳ ಗಡಿಗಳನ್ನು ದಾಟಿ ಹಳ್ಳಿಯ ಧಾನ್ಯವನ್ನು ರಾಜಧಾನಿಗೆ ತಂದು ಜನರ ಹೊಟ್ಟೆ ತುಂಬಿಸಿದವರು ಸಂತೆಯ ಹೆಂಗಸರೇ. ಯಾವ ದಾರಿಯಲ್ಲಿ ಯಾವ ಪಡೆಯ ತಡೆಗಟ್ಟೆ ಇದೆ, ಯಾವ ಹಳ್ಳಿಯಲ್ಲಿ ಯಾರ ನಂಟಿದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಶಾಂತಿಯ ಚಳವಳಿ ಒಂದೇ ದಿನದಲ್ಲಿ ಆಕಾಶದಿಂದ ಇಳಿದು ಬಂದದ್ದಲ್ಲ; ಸಂತೆಯಲ್ಲಿ, ಚರ್ಚಿನಲ್ಲಿ, ಮಸೀದಿಯಲ್ಲಿ ಮೊದಲೇ ಇದ್ದ ಪರಿಚಯ ವಿಶ್ವಾಸಗಳ ಮೇಲೆ ಅದು ನಿಂತಿತ್ತು.

ಟೇಲರನು ಕಡೆಗೆ ಅವರನ್ನು ಬರಮಾಡಿಕೊಂಡು, ಸಂಧಾನಕ್ಕೆ ಒಪ್ಪಿದನು. ಜೂನ್ ತಿಂಗಳಲ್ಲಿ ಘಾನಾ ದೇಶದಲ್ಲಿ ಮಾತುಕತೆ ಪ್ರಾರಂಭವಾಯಿತು. ಯುದ್ಧನಾಯಕರು ಹೋಟೆಲಿನ ಸುಖದಲ್ಲಿ ವಾರಗಳನ್ನು ಕಳೆಯುತ್ತಿದ್ದರೆ ಇತ್ತ ಮನ್ರೋವಿಯಾದ ಮೇಲೆ ಗುಂಡಿನ ಮಳೆ ಸುರಿಯುತ್ತಿತ್ತು. ಜುಲೈ ತಿಂಗಳಲ್ಲಿ ಒಂದು ದಿನ ಗ್ಬೊವೀ ಮತ್ತು ಅವರ ಸಂಗಾತಿಗಳು ಅಕ್ರಾ ನಗರದ ಸಂಧಾನ ಸಭಾಂಗಣದ ಬಾಗಿಲಿಗೆ ಅಡ್ಡವಾಗಿ ಕೈಕೈ ಹೆಣೆದು ಕುಳಿತು, ಒಳಗಿದ್ದವರನ್ನು ಹೊರಗೆ ಬಿಡದಾದರು. ಬಂಧಿಸಲು ಕಾವಲುಗಾರರು ಬಂದಾಗ ಗ್ಬೊವೀ ತಮ್ಮ ಉಡುಪನ್ನು ಕಳಚಲು ಮುಂದಾದರು. ತಾಯಿಯೊಬ್ಬಳು ತಾನಾಗಿ ನಗ್ನಳಾಗುವುದು ಆ ಪ್ರದೇಶದಲ್ಲಿ ನೋಡಿದವನಿಗೆ ತಗಲುವ ಘೋರ ಶಾಪ. ಕಾವಲುಗಾರರು ಹಿಮ್ಮೆಟ್ಟಿದರು. ಮುಖ್ಯ ಸಂಧಾನಕಾರರಾಗಿದ್ದ ನೈಜೀರಿಯಾದ ಮಾಜಿ ಅಧ್ಯಕ್ಷ ಜನರಲ್ ಅಬ್ದುಲ್‌ಸಲಾಮಿ ಅಬೂಬಕರ್ ಹೊರಬಂದು ಸ್ತ್ರೀಯರನ್ನು ಸಮಾಧಾನಪಡಿಸಿದರು. ಮಾತುಕತೆಯ ಧಾಟಿಯೂ ಬದಲಾಯಿತು. ಆಗಸ್ಟ್ 11ರಂದು ಟೇಲರನು ಪದತ್ಯಾಗ ಮಾಡಿ ನೈಜೀರಿಯಾಕ್ಕೆ ತೆರಳಿದನು. ಆಗಸ್ಟ್ 18ರಂದು ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ನೆರೆಯ ಮೂರು ದೇಶಗಳ ಮಹಿಳೆಯರ 'ಮಾನೋ ನದಿ ಮಹಿಳಾ ಶಾಂತಿ ಜಾಲ' ಅದಕ್ಕೆ ಸಾಕ್ಷಿಯಾಗಿ ಸಹಿ ಮಾಡಿತು.

ಇಲ್ಲಿಗೆ ಕಥೆ ಮುಗಿಸುವವರೇ ಹೆಚ್ಚು. ಆದರೆ ಒಪ್ಪಂದದ ಒಳಗೆ ಏನಿತ್ತೆಂಬುದನ್ನು ನೋಡಬೇಕು. ಮಧ್ಯಂತರ ಶಾಸನಸಭೆಯ 76 ಸ್ಥಾನಗಳಲ್ಲಿ ಹಿಂದಿನ ಸರ್ಕಾರಕ್ಕೆ 12, ಎರಡು ಬಂಡುಕೋರ ಪಕ್ಷಗಳಿಗೆ ತಲಾ 12, ಹೀಗೆ ಬಂದೂಕು ಹಿಡಿದವರಿಗೆ ಒಟ್ಟು 36 ಸ್ಥಾನಗಳು ಸಂದವು. ನಾಗರಿಕ ಸಮಾಜ ಮತ್ತು ಇತರ ವಿಶೇಷ ವರ್ಗಗಳೆಲ್ಲ ಸೇರಿ ದೊರೆತದ್ದು 7. ಆ ಸಭೆಯಲ್ಲಿ ಸ್ತ್ರೀಯರು ಬೆರಳೆಣಿಕೆಯಷ್ಟು. ಕೊಂದವರು ಸಭೆಯೊಳಗೆ ಹೋದರು, ಕೊಲ್ಲಬೇಡಿರೆಂದು ಬಿಸಿಲಿನಲ್ಲಿ ಕುಳಿತವರು ಹೊರಗೇ ಉಳಿದರು. ಸಂಧಾನಕಾರರಿಗೆ ಬೇರೆ ದಾರಿಯಿರಲಿಲ್ಲವೆಂದು ವಾದಿಸುವವರಿದ್ದಾರೆ. ಆ ವಾದದಲ್ಲಿ ಸತ್ಯಾಂಶವಿಲ್ಲದೆಯೂ ಇಲ್ಲ. ಆದರೂ ಮುಂದಿನ ಇಪ್ಪತ್ತು ವರ್ಷಗಳ ಅನೇಕ ಕೊರತೆಗಳ ಬೀಜ ಈ ಹಂಚಿಕೆಯಲ್ಲಿಯೇ ಇತ್ತೆಂದು ನನ್ನ ಅಭಿಪ್ರಾಯ.

ಸ್ತ್ರೀಯರು ಮನೆಗೆ ಮರಳಿ ಸುಮ್ಮನಾಗಲಿಲ್ಲ. 2003ರ ಡಿಸೆಂಬರಿನಲ್ಲಿ ಆರಂಭವಾದ ನಿರಾಯುಧೀಕರಣ ಶಿಬಿರದಲ್ಲಿ ನಿರೀಕ್ಷೆ ಮೀರಿ ಹೋರಾಟಗಾರರು ನುಗ್ಗಿ ಗಲಭೆಯಾಗಿ ಕಾರ್ಯ ಸ್ಥಗಿತಗೊಂಡಾಗ, ಮಹಿಳೆಯರು ಶಿಬಿರಗಳಿಗೆ ಹೋಗಿ ಹುಡುಗರಿಗೆ ತಾಯಂದಿರಂತೆ ಬುದ್ಧಿ ಹೇಳಿದರು. ಮುಂದಿನ ವರ್ಷ ಕಾರ್ಯ ಮುಗಿಯುವ ಹೊತ್ತಿಗೆ ಒಂದು ಲಕ್ಷಕ್ಕೂ ಮಿಕ್ಕ ಜನ ಹೆಸರು ನೋಂದಾಯಿಸಿದ್ದರು. ಒಪ್ಪಿಸಲ್ಪಟ್ಟ ಆಯುಧಗಳು ಸುಮಾರು 28,000. 2005ರ ಚುನಾವಣೆಗೆ ಮೊದಲು ಮಹಿಳಾ ಕಾರ್ಯಕರ್ತೆಯರು ಸಂತೆಗಳಿಗೆ ಹೋಗಿ, ವ್ಯಾಪಾರದ ಹೆಂಗಸರು ಮತದಾರರ ಪಟ್ಟಿಗೆ ಹೆಸರು ಬರೆಸಿ ಬರುವವರೆಗೆ ಅವರ ಅಂಗಡಿಗಳನ್ನೂ ಹಸುಳೆಗಳನ್ನೂ ತಾವು ನೋಡಿಕೊಂಡರು. ಪ್ರಜಾಪ್ರಭುತ್ವದ ಕುರಿತು ನಾನು ಓದಿದ ಅನೇಕ ಗ್ರಂಥಗಳಿಗಿಂತ ಈ ಒಂದು ಸಂಗತಿ ನನಗೆ ಹೆಚ್ಚು ಹೇಳಿದೆ. ಪಟ್ಟಿಯಲ್ಲಿ ಸ್ತ್ರೀಯರ ಸಂಖ್ಯೆ ಸುಮಾರು ಅರ್ಧಕ್ಕೆ ಮುಟ್ಟಿತು. ನವೆಂಬರಿನ ಎರಡನೆಯ ಸುತ್ತಿನ ಮತದಾನದಲ್ಲಿ ಎಲೆನ್ ಜಾನ್ಸನ್ ಸರ್ಲೀಫ್ ಗೆದ್ದು, 2006ರ ಜನವರಿ 16ರಂದು ಅಧಿಕಾರ ಸ್ವೀಕರಿಸಿದರು. ಆಫ್ರಿಕ ಖಂಡದಲ್ಲಿ ಜನರಿಂದ ಆಯ್ಕೆಯಾದ ಮೊದಲ ಮಹಿಳಾ ರಾಷ್ಟ್ರಾಧ್ಯಕ್ಷೆ ಅವರು. 2011ರಲ್ಲಿ ಸರ್ಲೀಫ್, ಗ್ಬೊವೀ ಮತ್ತು ಯೆಮೆನ್ ದೇಶದ ತವಕ್ಕುಲ್ ಕರ್ಮಾನ್ ಈ ಮೂವರಿಗೆ ನೊಬೆಲ್ ಶಾಂತಿ ಪಾರಿತೋಷಕ ದೊರೆಯಿತು.

ಕಾನೂನುಗಳ ಕೆಲಸವೂ ಸಾಗಿತು. ಸಾಂಪ್ರದಾಯಿಕ ವಿವಾಹದಲ್ಲಿ ಗಂಡ ಸತ್ತರೆ ಹೆಂಡತಿಯೂ ಸೊತ್ತಿನಂತೆ ಗಂಡನ ಬಂಧುಗಳ ಪಾಲಾಗುವ ವಾಡಿಕೆಯಿತ್ತು. 2003ರಲ್ಲಿ ಅಂಗೀಕೃತವಾದ ಶಾಸನ ಅದನ್ನು ತಡೆದು, ವಿಧವೆಗೆ ಆಸ್ತಿಯ ಮೂರನೆಯ ಒಂದು ಪಾಲನ್ನು ನೀಡಿತು. ಯುದ್ಧದ ನಡುವೆಯೇ 1994ರಲ್ಲಿ ಸ್ಥಾಪನೆಯಾಗಿದ್ದ ಮಹಿಳಾ ವಕೀಲರ ಸಂಘದ ಪರಿಶ್ರಮದಿಂದ ಅತ್ಯಾಚಾರದ ವಿರುದ್ಧ ಕಠಿಣ ಶಾಸನವೊಂದು 2006ರಲ್ಲಿ ಜಾರಿಗೆ ಬಂದಿತು. 2008ರಲ್ಲಿ ಇಂತಹ ಮೊಕದ್ದಮೆಗಳಿಗಾಗಿಯೇ ಮನ್ರೋವಿಯಾದಲ್ಲಿ ವಿಶೇಷ ನ್ಯಾಯಾಲಯ ತೆರೆಯಲ್ಪಟ್ಟಿತು. ಮೊದಲ ವರ್ಷಗಳಲ್ಲಿ ಇದ್ದುದು ಆ ಒಂದೇ. ರಸ್ತೆ ಸರಿಯಿಲ್ಲದ, ಮಳೆಗಾಲದಲ್ಲಿ ಊರೂರುಗಳು ಕಡಿದುಹೋಗುವ ದೇಶದಲ್ಲಿ ಹಳ್ಳಿಯ ಬಾಲಕಿ ಸಾಕ್ಷಿಗಳನ್ನು ಕರೆದುಕೊಂಡು ರಾಜಧಾನಿಗೆ ಹೋಗುವುದು ಹೇಗೆ? ಮೊಕದ್ದಮೆಗಳು ರಾಶಿಬಿದ್ದವು, ತೀರ್ಪುಗಳು ವಿರಳವಾದವು. ಶಾಸನವೊಂದು ಕಡೆ, ಹಳ್ಳಿಯ ಬಾಳು ಇನ್ನೊಂದು ಕಡೆ. ನಡುವಿನ ದಾರಿಯನ್ನು ಯಾರಾದರೂ ನಡೆಸಿಕೊಡಬೇಕಾಗಿತ್ತು.

ಈ ಲೇಖನದ ಮುಖ್ಯ ವಿಷಯ ಇಲ್ಲಿದೆ. ಲೈಬೀರಿಯಾದ ಹಳ್ಳಿಗಳಲ್ಲಿ ಸುತ್ತಲೂ ತೆರೆದ, ಮೇಲೆ ಹುಲ್ಲು ಹೊದಿಸಿದ ಗುಡಿಸಲೊಂದಿರುತ್ತದೆ. ಅದಕ್ಕೆ ಪಲಾವಾ ಗುಡಿಸಲೆಂದು ಹೆಸರು. ನಮ್ಮ ಅರಳಿಕಟ್ಟೆಯಂತೆ ಊರ ಹಿರಿಯರು ಕುಳಿತು ವ್ಯಾಜ್ಯ ತೀರ್ಮಾನಿಸುವ ಸ್ಥಳವದು, ಹಿರಿಯರೆಂದರೆ ಗಂಡಸರು. ಯುದ್ಧಾನಂತರ ಮಹಿಳೆಯರು ಇದೇ ಮಾದರಿಯಲ್ಲಿ ತಮ್ಮದೇ 'ಶಾಂತಿ ಕುಟೀರ'ಗಳನ್ನು ಕಟ್ಟಿದರು. ಬಾಂಗ್ ಪ್ರಾಂತದ ಟೊಟೋಟಾ ಎಂಬ ಊರಿನ ಕುಟೀರ ಇವುಗಳಲ್ಲಿ ಹೆಸರಾದುದು. ಕಾಲಕ್ರಮದಲ್ಲಿ ವಿಶ್ವಸಂಸ್ಥೆಯ ಮಹಿಳಾ ವಿಭಾಗದ ನೆರವಿನಿಂದ ದೇಶದಲ್ಲಿ ಮೂವತ್ತಕ್ಕೂ ಹೆಚ್ಚು ಕುಟೀರಗಳಾದವು. ಜಮೀನಿನ ಗಡಿ, ಸಾಲ, ಗಂಡಹೆಂಡಿರ ಜಗಳ, ಹೆಂಡತಿ ಮಕ್ಕಳನ್ನು ಬಿಟ್ಟುಹೋದವನ ಹೊಣೆ ಇಂತಹ ವಿಷಯಗಳನ್ನು ಅಲ್ಲಿ ಹೆಂಗಸರು ಕೂಡಿ ವಿಚಾರಿಸತೊಡಗಿದರು.

ಯುದ್ಧದಿಂದ ಒಡೆದ ಊರನ್ನು ಮತ್ತೆ ಹೊಲಿಯಲು ರಾಜಿ ಬೇಕು. ಆದರೆ ರಾಜಿಯ ಹೆಸರಿನಲ್ಲಿ ಮೊದಲು ಬಾಯಿ ಮುಚ್ಚಿಸಲ್ಪಡುವವಳು ನೊಂದ ಹೆಣ್ಣೇ. ಅಪರಾಧಿಯ ಕಡೆಯವರು ಒಂದಿಷ್ಟು ಹಣ ಕೊಟ್ಟು, ಹುಡುಗಿಯ ತಂದೆಯ ಕೈಹಿಡಿದು, 'ಊರಿನ ಮಾನ ಉಳಿಯಲಿ' ಎಂದು ಪ್ರಕರಣ ಮುಗಿಸುವ ರೂಢಿ ಅಲ್ಲಿಯೂ ಇತ್ತು, ಇಂದಿಗೂ ಪೂರ್ತಿಯಾಗಿ ಹೋಗಿಲ್ಲ. ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಟೀರದ ಮಹಿಳೆಯರು ಇದರೊಳಗೆ ಒಂದು ಗೆರೆ ಎಳೆದರು. ಜಗಳಕ್ಕೆ ರಾಜಿಯುಂಟು, ಅತ್ಯಾಚಾರಕ್ಕೆ ಇಲ್ಲ. ಅಂತಹ ದೂರು ಬಂದರೆ ಬಾಲಕಿಯನ್ನು ಆಸ್ಪತ್ರೆಗೂ ಪೊಲೀಸರ ಬಳಿಗೂ ಕರೆದೊಯ್ಯುವುದು ತಮ್ಮ ಕೆಲಸವೆಂದು ಅವರು ತಿಳಿದರು. ಪೊಲೀಸರನ್ನು ಒಡನೆ ಕರೆಯಲು ಕೆಲವು ಕುಟೀರಗಳಿಗೆ ದೂರವಾಣಿಗಳನ್ನು ಒದಗಿಸಲಾಯಿತು. ಎಲ್ಲೆಡೆಯೂ ಈ ಗೆರೆ ಅಳಿಸದೆ ಉಳಿಯಿತೆಂದು ಹೇಳಲಾರೆ. ನೆಂಟರ ಒತ್ತಾಯ, ಠಾಣೆಯ ದೂರ, ಹಣದ ಬಲ ಇವುಗಳ ಎದುರಿಗೆ ಕೆಲವೊಮ್ಮೆ ಅದು ಸೋತಿದೆ. ಆದರೂ ಊರಿನೊಳಗೆ, ಊರಿನವರೇ ಆದ ಹೆಂಗಸರು 'ಇದು ಮಾತಾಡಿ ಮುಗಿಸುವ ವಿಷಯವಲ್ಲ' ಎಂದು ಹೇಳುವುದಕ್ಕೂ, ರಾಜಧಾನಿಯ ಶಾಸನ ಅದನ್ನೇ ಹೇಳುವುದಕ್ಕೂ ಬಹಳ ವ್ಯತ್ಯಾಸವಿದೆ.

ಜನರೇ ಕಟ್ಟಿದ ಸಂಸ್ಥೆಯೆಲ್ಲ ಸ್ತ್ರೀಗೆ ನ್ಯಾಯ ಕೊಡುವುದೆಂಬ ಭ್ರಮೆಯೂ ಬೇಡ. ಆ ನಾಡಿನಲ್ಲಿ ಸ್ತ್ರೀಯರದೇ ಆದ ಪುರಾತನ ಸಂಸ್ಥೆಯೊಂದಿದೆ, ಸಾಂಡೆ ಎಂದು. ಬಾಲಕಿಯರಿಗೆ ಗೃಹಕೃತ್ಯ, ಹಾಡು, ಔಷಧಿ, ನಡವಳಿಕೆಗಳನ್ನು ಕಲಿಸುವ ಗುರುಕುಲವದು. ಹಿರಿಯ ಹೆಂಗಸರಿಗೆ ಗೌರವದ ಸ್ಥಾನ ಕೊಟ್ಟದ್ದೂ ಅದೇ. ಆದರೆ ದೀಕ್ಷೆಯ ಅಂಗವಾಗಿ ಬಾಲಕಿಯರ ಅಂಗಚ್ಛೇದನವೂ ಅಲ್ಲಿಯೇ ನಡೆಯುತ್ತ ಬಂದಿದೆ. 2019ರಲ್ಲಿ ಕುಟುಂಬದೊಳಗಿನ ಹಿಂಸೆಯ ವಿರುದ್ಧ ಶಾಸನ ಬಂದಾಗ ಈ ಪದ್ಧತಿಯ ನಿಷೇಧ ಅದರೊಳಗೆ ಸೇರಲಿಲ್ಲ. 2023ರ ಫೆಬ್ರವರಿಯಲ್ಲಿ ಸಾಂಪ್ರದಾಯಿಕ ಮುಖ್ಯಸ್ಥರ ಮಂಡಳಿಯೇ ನಿಷೇಧವನ್ನು ಸಾರಿತಾದರೂ ಸಾರುವುದು ಬೇರೆ, ನಿಲ್ಲುವುದು ಬೇರೆ. ಒಳ್ಳೆಯದನ್ನೂ ಕೆಟ್ಟದನ್ನೂ ಒಂದೇ ಮಡಿಲಲ್ಲಿ ಹೊತ್ತ ಇಂತಹ ಸಂಸ್ಥೆಯನ್ನು ಕೆಡವದೆ ತಿದ್ದುವುದು ಹೇಗೆಂಬ ಪ್ರಶ್ನೆಗೆ ಸುಲಭದ ಉತ್ತರ ಇನ್ನೂ ಯಾರಿಗೂ ಸಿಕ್ಕಿಲ್ಲ.

ಇನ್ನು ನಮ್ಮ ದೇಶದ ಸಂಬಂಧ. 2007ರ ಜನವರಿಯಲ್ಲಿ ಭಾರತದ ಕೇಂದ್ರೀಯ ಮೀಸಲು ಪೊಲೀಸ್ ಪಡೆಯ ನೂರಕ್ಕೂ ಮಿಕ್ಕ ಮಹಿಳೆಯರ ತುಕಡಿಯೊಂದು ವಿಶ್ವಸಂಸ್ಥೆಯ ಪರವಾಗಿ ಮನ್ರೋವಿಯಾಕ್ಕೆ ಹೋಯಿತು. ಸಂಪೂರ್ಣವಾಗಿ ಮಹಿಳೆಯರಿಂದಲೇ ಕೂಡಿದ ಇಂತಹ ಪೊಲೀಸ್ ತುಕಡಿಯನ್ನು ವಿಶ್ವಸಂಸ್ಥೆ ಕಂಡದ್ದು ಅದೇ ಮೊದಲು. ವರ್ಷ ವರ್ಷವೂ ಹೊಸ ತಂಡ ಹೋಗುತ್ತ 2016ರ ಫೆಬ್ರವರಿಯವರೆಗೆ ಈ ಸೇವೆ ನಡೆಯಿತು. ರಾತ್ರಿಯ ಗಸ್ತು, ಅಧ್ಯಕ್ಷರ ಕಚೇರಿಯ ಕಾವಲು, ಸಭೆ ಸಮಾರಂಭಗಳ ಬಂದೋಬಸ್ತು ಇವು ಅವರ ಅಧಿಕೃತ ಕೆಲಸಗಳು. ಬಿಡುವಿನಲ್ಲಿ ಶಾಲಾ ಬಾಲಕಿಯರಿಗೆ ಆತ್ಮರಕ್ಷಣೆಯ ಪಾಠ ಹೇಳಿದ್ದು, ವೈದ್ಯಕೀಯ ನೆರವು ನೀಡಿದ್ದು ಅಧಿಕೃತ ಕೆಲಸದಷ್ಟೇ ನೆನಪಿನಲ್ಲಿ ಉಳಿದಿದೆ. ಸಮವಸ್ತ್ರ ತೊಟ್ಟು ಬಂದೂಕು ಹಿಡಿದ ಹೆಣ್ಣನ್ನು ಕಂಡು ಹೆದರಬೇಕಾಗಿಲ್ಲವೆಂಬುದು ಆ ಊರಿನ ಹುಡುಗಿಯರಿಗೆ ಹೊಸ ನೋಟವಾಗಿತ್ತು. ಆ ಒಂಬತ್ತು ವರ್ಷಗಳಲ್ಲಿ ಲೈಬೀರಿಯಾದ ರಕ್ಷಣಾ ವಿಭಾಗಗಳಲ್ಲಿ ಮಹಿಳೆಯರ ಪ್ರಮಾಣ ಶೇಕಡ 6ರಿಂದ 17ಕ್ಕೆ ಏರಿತು. ಏರಿಕೆಗೆ ಅಲ್ಲಿಯ ಸರ್ಕಾರದ ನೀತಿಯೂ ಕಾರಣ. ಆದರೆ ನಮ್ಮವರ ಮಾದರಿಯೂ ಒಂದು ಕಾರಣವೆಂದು ವಿಶ್ವಸಂಸ್ಥೆ ಒಪ್ಪಿಕೊಂಡಿದೆ.

ದಾನಿಗಳೂ ಓದುವ ಸಂಪುಟವಿದಾದುದರಿಂದ ಹಣದ ವಿಷಯವನ್ನು ಬಿಡುವಂತಿಲ್ಲ. ಯುದ್ಧ ನಿಂತ ಮೇಲೆ ವಿದೇಶಗಳ ನೆರವು ಹೊಳೆಯಾಗಿ ಹರಿಯಿತು. ಅದರೊಂದಿಗೆ ಯೋಜನೆ, ವರದಿ, ಗಡುವುಗಳೂ ಬಂದವು. ಒಂದು ವರ್ಷ ಕಾರ್ಯಾಗಾರ, ಮರುವರ್ಷ ಮತ್ತೊಂದು ವಿಷಯ. ಚಳವಳಿಯ ಚುರುಕಾದ ಮಹಿಳೆಯರಲ್ಲಿ ಕೆಲವರು ಸರ್ಕಾರದ ಹುದ್ದೆಗಳಿಗೂ ಕೆಲವರು ಸಂಸ್ಥೆಗಳ ಕಚೇರಿಗಳಿಗೂ ಹೋದರು; ಬಯಲಿನಲ್ಲಿ ಕುಳಿತಿದ್ದ ಗುಂಪು ತೆಳುವಾಯಿತು. ಬಾಳಿಕೆ ಬಂದದ್ದು ಸಣ್ಣ ಕೆಲಸಗಳು. 2007ರಲ್ಲಿ ಸಂತೆಯ ಮಹಿಳೆಯರಿಗಾಗಿ ಅಧ್ಯಕ್ಷೆಯ ಹೆಸರಿನ ನಿಧಿಯೊಂದು ಸ್ಥಾಪನೆಯಾಗಿ, ಯುದ್ಧದಲ್ಲಿ ಹಾಳಾದ ಮಾರುಕಟ್ಟೆಗಳಿಗೆ ಸೂರು, ನೀರು, ಶೌಚಾಲಯಗಳನ್ನು ಒದಗಿಸಿ, ಅಕ್ಷರ ಕಲಿಸುವ ವರ್ಗಗಳನ್ನು ನಡೆಸಿತು. ಮಳೆಯಲ್ಲಿ ನೆನೆಯದೆ ಕುಳಿತು ವ್ಯಾಪಾರ ಮಾಡುವ ಜಾಗವಿದ್ದರೆ ಅಲ್ಲಿಯೇ ಸಂಘವೂ ಇರುತ್ತದೆ. 2014ರಲ್ಲಿ ಎಬೋಲಾ ಎಂಬ ಮಾರಕ ಜ್ವರ ಹಬ್ಬಿ ಸುಮಾರು 4,800 ಜನರನ್ನು ಬಲಿ ತೆಗೆದುಕೊಂಡಾಗ ಸರ್ಕಾರದ ಮಾತನ್ನು ಜನ ನಂಬಲಿಲ್ಲ. ಊರಿನ ಹೆಂಗಸರೇ ಮನೆ ಮನೆಗೆ ಹೋಗಿ ಕೈತೊಳೆಯುವುದನ್ನೂ ರೋಗಿಯನ್ನು ಬೇರೆಯಿರಿಸುವುದನ್ನೂ ಹೇಳಿದ ಮೇಲೆ ಕೇಳಿದರು.

ಅಧಿಕಾರದಲ್ಲಿ ಮಹಿಳೆಯಿದ್ದ ಮಾತ್ರಕ್ಕೆ ನಾಗರಿಕ ಸಮಾಜ ಸುಮ್ಮನಿರಬೇಕಾಗಿಲ್ಲವೆಂಬುದನ್ನು ಗ್ಬೊವೀ ತೋರಿಸಿದರು. ರಾಷ್ಟ್ರೀಯ ಸಮನ್ವಯ ಕಾರ್ಯದ ಮುಖ್ಯಸ್ಥೆಯಾಗಿದ್ದ ಅವರು 2012ರಲ್ಲಿ ಸರ್ಕಾರವನ್ನು ಬಹಿರಂಗವಾಗಿ ಟೀಕಿಸಿ ಆ ಸ್ಥಾನವನ್ನು ತ್ಯಜಿಸಿದರು. ಇಬ್ಬರೂ ಒಂದೇ ವೇದಿಕೆಯಲ್ಲಿ ಪಾರಿತೋಷಕ ಪಡೆದು ಆಗ ಒಂದು ವರ್ಷವೂ ಕಳೆದಿರಲಿಲ್ಲ.

ಈ ವಿಷಯವನ್ನು ಒಮ್ಮೆ ಹತ್ತನೆಯ ತರಗತಿಯಲ್ಲಿ ವಿವರಿಸುತ್ತಿದ್ದಾಗ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು, "ಹಾಗಾದರೆ ಆ ಹೆಂಗಸರಿಗೆ ಅನ್ಯಾಯ ಮಾಡಿದವರಿಗೆ ಶಿಕ್ಷೆಯಾಯಿತೇ, ಸರ್?" ಎಂದು ಕೇಳಿದಳು. ಅವಳಿಗೆ ಅಂದು ಪೂರ್ಣ ಉತ್ತರ ಕೊಡಲಾಗಲಿಲ್ಲ. ಇಲ್ಲಿ ಕೊಡಲು ಯತ್ನಿಸುತ್ತೇನೆ. 2005ರಲ್ಲಿ ಸತ್ಯ ಮತ್ತು ಸಮನ್ವಯ ಆಯೋಗದ ಶಾಸನವಾಯಿತು. ಒಂಬತ್ತು ಸದಸ್ಯರಲ್ಲಿ ಕನಿಷ್ಠ ನಾಲ್ವರು ಸ್ತ್ರೀಯರಿರಬೇಕೆಂದು ಅದರಲ್ಲಿಯೇ ಬರೆಯಲಾಗಿತ್ತು. ಆಯೋಗವು 17,000ಕ್ಕೂ ಹೆಚ್ಚು ಹೇಳಿಕೆಗಳನ್ನು ಸಂಗ್ರಹಿಸಿತು; ಹೇಳಿಕೆ ಕೊಟ್ಟವರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿ ಸ್ತ್ರೀಯರು. 2009ರ ವರದಿ ವಿಶೇಷ ನ್ಯಾಯಾಲಯ ಸ್ಥಾಪಿಸಿ ಯುದ್ಧಾಪರಾಧಿಗಳನ್ನು ವಿಚಾರಿಸಬೇಕೆಂದಿತು; ಟೇಲರನಿಗೆ ಆರಂಭದಲ್ಲಿ ನೆರವಾಗಿದ್ದರೆಂಬ ಕಾರಣಕ್ಕೆ ಸರ್ಲೀಫರ ಹೆಸರನ್ನೂ ಅಧಿಕಾರಕ್ಕೆ ಅನರ್ಹರಾದವರ ಪಟ್ಟಿಯಲ್ಲಿ ಸೇರಿಸಿತು. ಆ ಅನರ್ಹತೆಯನ್ನು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ತಳ್ಳಿಹಾಕಿತು. ವಿಶೇಷ ನ್ಯಾಯಾಲಯದ ಮಾತು ಕಡತದಲ್ಲಿ ಉಳಿಯಿತು. 2012ರಲ್ಲಿ ಟೇಲರನಿಗೆ 50 ವರ್ಷಗಳ ಶಿಕ್ಷೆಯಾದದ್ದು ನಿಜ. ಆದರೆ ಅದು ನೆರೆಯ ಸಿಯೆರಾ ಲಿಯೋನ್ ದೇಶದಲ್ಲಿ ನಡೆದ ಅಪರಾಧಗಳಿಗಾಗಿ. 2021ರ ಜೂನಿನಲ್ಲಿ ಸ್ವಿಟ್ಜರ್ಲೆಂಡಿನ ನ್ಯಾಯಾಲಯವೊಂದು ಲೈಬೀರಿಯಾದ ಮಾಜಿ ದಳನಾಯಕನೊಬ್ಬನಿಗೆ 20 ವರ್ಷಗಳ ಶಿಕ್ಷೆ ವಿಧಿಸಿತು. ಸಾಬೀತಾದ ಅಪರಾಧಗಳಲ್ಲಿ ಅತ್ಯಾಚಾರವೂ ಒಂದು. ಸಾಕ್ಷಿ ಹೇಳಲು ಲೈಬೀರಿಯಾದ ಹಳ್ಳಿಗರು ಸ್ವಿಟ್ಜರ್ಲೆಂಡಿನವರೆಗೆ ಹೋಗಬೇಕಾಯಿತು.

ತಮ್ಮದೇ ನೆಲದಲ್ಲಿ ಅಂತಹ ನ್ಯಾಯಾಲಯವನ್ನು ಸ್ಥಾಪಿಸುವ ಸಿದ್ಧತೆಗಾಗಿ ಕಚೇರಿಯೊಂದನ್ನು ತೆರೆಯುವ ಆದೇಶಕ್ಕೆ ಅಧ್ಯಕ್ಷ ಜೋಸೆಫ್ ಬೊಕಾಯ್ ಸಹಿ ಮಾಡಿದ್ದು 2024ರ ಮೇ 2ರಂದು. ಮೀನು ಮಾರುಕಟ್ಟೆಯ ಬಯಲಿನಲ್ಲಿ ಹಸುಗೂಸುಗಳನ್ನು ಬೆನ್ನಿಗೆ ಕಟ್ಟಿಕೊಂಡು ಕುಳಿತಿದ್ದ ತಾಯಂದಿರು ಅಷ್ಟರಲ್ಲಿ ಅಜ್ಜಿಯರಾಗಿದ್ದರು. ಅವರ ಹೇಳಿಕೆಗಳು ಆಯೋಗದ ಕಡತಗಳಲ್ಲಿ ಇನ್ನೂ ಇವೆ.